ಇಣುಕಿದವರು ಯಾರು?

ಆಕೆಗೆ ಬೇಕಾಗಿದ್ದದ್ದು ಗಂಡನ ಈಗಿನ ವಿಳಾಸ, ಅಷ್ಟೇ. ಜೀವನಾಂಶ ಕೊಡಬೇಕೆಂದು ಕುಟುಂಬ ನ್ಯಾಯಾಲಯ ಆದೇಶ ಮಾಡಿತ್ತು. ಆದೇಶ ಜಾರಿಯಾಗಬೇಕಾದರೆ ಆಸಾಮಿ ಎಲ್ಲಿದ್ದಾನೆಂದು ಗೊತ್ತಾಗಬೇಕಲ್ಲ? ಆಧಾರ್ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಕೊಡಲಾಗದು ಎಂಬ ಉತ್ತರ ಬಂತು. ಹೈಕೋರ್ಟಿಗೆ ಹೋದರು. ಗಂಡನಿಗೆ ನೋಟಿಸ್ ಕೊಟ್ಟು ಅರ್ಜಿಯನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ಏಕಸದಸ್ಯ ಪೀಠ ಹೇಳಿತು. ಪ್ರಾಧಿಕಾರ ಮೇಲ್ಮನವಿ ಸಲ್ಲಿಸಿತು. 2023ರಲ್ಲಿ ಧಾರವಾಡದ ವಿಭಾಗೀಯ ಪೀಠ ಆ ಆದೇಶವನ್ನು ಬದಿಗಿಟ್ಟಿತು. ಮದುವೆಯಾದ ಮಾತ್ರಕ್ಕೆ ಗಂಡಹೆಂಡಿರ ಖಾಸಗಿತನ ಇಲ್ಲವಾಗುವುದಿಲ್ಲ. ಆಧಾರ್ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಇಂಥ ಮಾಹಿತಿ ಹೊರಬೀಳಲು ಹೈಕೋರ್ಟ್ ನ್ಯಾಯಾಧೀಶರ ಆದೇಶವೇ ಬೇಕು, ಅದಕ್ಕೂ ಮುಂಚೆ ಆ ಸಂಖ್ಯೆ ಯಾರದೋ ಅವರ ಮಾತು ಕೇಳಬೇಕು ಎಂದಿತು. ಗಂಡನನ್ನೂ ಪ್ರಕರಣದಲ್ಲಿ ಕಕ್ಷಿದಾರನನ್ನಾಗಿ ಸೇರಿಸಿ ಹೊಸದಾಗಿ ವಿಚಾರಿಸಿ ಎಂದು ವಾಪಸ್ ಕಳಿಸಿತು.

ಓದಿದರೆ ಸಿಟ್ಟು ಬರುತ್ತದೆ, ನನಗೂ ಬಂತು. ಜೀವನಾಂಶ ತಪ್ಪಿಸಿಕೊಂಡವನಿಗೂ ಖಾಸಗಿತನವೇ? ಆದರೆ ತೀರ್ಪು ಆಕೆಗೆ ವಿಳಾಸ ಸಿಗಲೇಬಾರದು ಎನ್ನಲಿಲ್ಲ. ಮಾಹಿತಿ ಅಧಿಕಾರಿಯ ಮೇಜಿನ ಮೇಲೆ ಆಗುವ ಕೆಲಸ ಅದಲ್ಲ ಎಂದಿತು. ಇಂಥ ವ್ಯಾಜ್ಯಗಳಲ್ಲಿ ಹಕ್ಕು ಇದೆಯೋ ಇಲ್ಲವೋ ಎಂಬ ಚರ್ಚೆಗಿಂತ ತಪ್ಪು ಬಾಗಿಲು ತಟ್ಟಿ ಕಳೆದ ವರ್ಷಗಳೇ ಹೆಚ್ಚು.

ಹಕ್ಕಿನ ಚರ್ಚೆ ಒಂದು ಮಟ್ಟಿಗೆ ಮುಗಿದಿದೆ, ಮುಗಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತೈದು ದಾಟಿತ್ತು. ಸಂವಿಧಾನದಲ್ಲಿ ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲ ಎಂದು ಸರ್ಕಾರ ವಾದಿಸಿತು. ಆ ವಾದಕ್ಕೆ ಆಧಾರವೂ ಇತ್ತು: 1954ರ ಎಂಟು ನ್ಯಾಯಮೂರ್ತಿಗಳ ಒಂದು ತೀರ್ಪು, ಖರಕ್ ಸಿಂಗ್ ಪ್ರಕರಣದಲ್ಲಿ ಆರು ನ್ಯಾಯಮೂರ್ತಿಗಳು ಕೊಟ್ಟ ಮತ್ತೊಂದು. ಹಾಗಾಗಿ ಒಂಬತ್ತು ಜನ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ, 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಖಾಸಗಿತನ ಅಡಗಿದೆ ಎಂದರು. ಸರ್ಕಾರ ಅದಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಮರುವರ್ಷ ಆಧಾರ್ ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಂಖ್ಯೆಗೂ ಅದನ್ನು ಜೋಡಿಸಲೇಬೇಕೆಂಬ ಕಟ್ಟಳೆ ಬಿದ್ದುಹೋಯಿತು.

ಆ ಮೂರು ಪರೀಕ್ಷೆಗಳ ಪಟ್ಟಿ ನಿಮ್ಮ ಅರ್ಜಿಗೆ ಅಡಿಪಾಯ. ಅದಕ್ಕೂ ಮುಂಚೆ ಒಂದೇ ಪ್ರಶ್ನೆ: ಇಣುಕಿದವರು ಯಾರು?

ಸರ್ಕಾರ ಅಥವಾ ಪೊಲೀಸರು ಎಂದಾದರೆ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಅದಕ್ಕೆ ಬೆಂಗಳೂರಿಗೇ ಬರಬೇಕೆಂದಿಲ್ಲ, ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠಗಳಿವೆ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ ಇವನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಪ್ರಯೋಗಿಸುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸೆಲ್ವಿ ಪ್ರಕರಣದಲ್ಲಿ ಎದುರು ಪಕ್ಷ ಕರ್ನಾಟಕ ಸರ್ಕಾರವೇ.

ವಕೀಲರ ಫೀಸು ಹೊಂದಿಸಲಾಗದವರಿಗೆ ಇನ್ನೊಂದು ಬಾಗಿಲು ಮಾನವ ಹಕ್ಕುಗಳ ಆಯೋಗ. 1993ರ ಕಾಯ್ದೆಯಡಿ ರಾಷ್ಟ್ರಕ್ಕೊಂದು, ರಾಜ್ಯಕ್ಕೊಂದು. ಶುಲ್ಕವಿಲ್ಲ, ವಕೀಲರು ಬೇಡ, ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಠಾಣೆಯಲ್ಲಿ ಕೂಡಿಹಾಕಿದರು, ಹೊಡೆದರು, ಜೈಲಿನಲ್ಲಿ ಚಿಕಿತ್ಸೆ ಕೊಡಿಸಲಿಲ್ಲ ಎಂಬ ದೂರುಗಳಿಗೆ ಇದು ಸರಿಯಾದ ಜಾಗ. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರ ಆಯೋಗಕ್ಕೂ ಇದೆ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ವಿಚಾರಣೆ ಇಲ್ಲ. ಎರಡೂ ಆಯೋಗಗಳಿಗೆ ಒಂದೇ ದೂರು ಕಳಿಸುವುದು ಜಾಣತನವಲ್ಲ. ಒಂದು ಆಯೋಗ ಕೈಗೆತ್ತಿಕೊಂಡಿದ್ದರೆ ಇನ್ನೊಂದು ಮುಟ್ಟುವಂತಿಲ್ಲ. ಕೊನೆಗೆ ಆಯೋಗ ಕೊಡುವುದು ಶಿಫಾರಸು, ಪರಿಹಾರ ಕೊಡಿ, ಕ್ರಮ ಜರುಗಿಸಿ ಎಂದು ಸರ್ಕಾರಕ್ಕೆ. ಅದರ ಕೈ ತಲುಪುವುದು ಸರ್ಕಾರಿ ನೌಕರರವರೆಗೆ ಮಾತ್ರ. ಪಕ್ಕದ ಮನೆಯವರ ಮೇಲೆ, ಸಾಲದ ಆ್ಯಪಿನವರ ಮೇಲೆ ದೂರು ಬರೆದರೆ ಹಿಂಬರಹ ಹಚ್ಚಿ ವಾಪಸ್ ಕಳಿಸುತ್ತಾರೆ.

ಸಾಲದ ಆ್ಯಪು ಎಂದೆನಲ್ಲ. ಕಂಪನಿಗಳ ಮೇಲಿನ ದೂರಿನ ದಾರಿ ಈಗ ತುಸು ಗೋಜಲಾಗಿದೆ. ಕಂಪನಿಯ ಅಜಾಗರೂಕತೆಯಿಂದ ನಿಮ್ಮ ಮಾಹಿತಿ ಸೋರಿ ನಷ್ಟವಾಗಿದ್ದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿಯೊಬ್ಬರು ಪ್ರತಿ ರಾಜ್ಯದಲ್ಲೂ ಇದ್ದಾರೆ: ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಹತ್ತು ವಕೀಲರನ್ನು ಕೇಳಿ, ಐದಾರು ಜನಕ್ಕೆ ಇದು ನೆನಪಿರುವುದಿಲ್ಲ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ದೆಹಲಿಯ ದೂರಸಂಪರ್ಕ ವ್ಯಾಜ್ಯಗಳ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬೇಕು.

ಇದರ ಜಾಗಕ್ಕೆ ಬರುತ್ತಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳು ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇಟ್ಟಿವೆ. ಮೊದಲು ಕಂಪನಿಗೇ ದೂರು, ಅಲ್ಲಿ ಸರಿಹೋಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿ, ಆಮೇಲೆ ಅದೇ ನ್ಯಾಯಮಂಡಳಿಗೆ 60 ದಿನದೊಳಗೆ ಮೇಲ್ಮನವಿ, ಕೊನೆಗೆ ಸುಪ್ರೀಂ ಕೋರ್ಟ್. ದಂಡ 250 ಕೋಟಿವರೆಗೆ! ಆದರೆ ಆ ಹಣ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾಹಿತಿ ಸೋರಿಸಿಕೊಂಡ ನಿಮಗೆ ಒಂದು ರೂಪಾಯಿಯನ್ನೂ ಈ ಕಾಯ್ದೆ ಕೊಡಿಸುವುದಿಲ್ಲ. ಪರಿಹಾರ ಕೊಡಿಸುತ್ತಿದ್ದ ಐಟಿ ಕಾಯ್ದೆಯ 43ಎ ಸೆಕ್ಷನ್ನನ್ನೂ ಇದು ತೆಗೆದುಹಾಕುತ್ತದೆ. ಮೇಲಿಂದ, ಸುಳ್ಳು ದೂರು ಕೊಟ್ಟ ನಾಗರಿಕನಿಗೆ 10,000 ರೂಪಾಯಿವರೆಗೆ ದಂಡ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನದೆ ಇನ್ನೇನು ಹೇಳಲಿ?

ಮನೆಯವರೇ ಇಣುಕಿದರೆ? ಸ್ವಂತ ಅಥವಾ ಮನೆಬಳಕೆಗಾಗಿ ಒಬ್ಬರು ಇನ್ನೊಬ್ಬರ ಮಾಹಿತಿ ಇಟ್ಟುಕೊಂಡರೆ ಹೊಸ ಕಾಯ್ದೆ ಅನ್ವಯಿಸುವುದೇ ಇಲ್ಲ. ಸ್ನಾನದ ಮನೆಯ ವಿಡಿಯೊ, ಗುಪ್ತಾಂಗಗಳ ಚಿತ್ರ ಇಂಥವು ನೇರ ಅಪರಾಧ, ಪೊಲೀಸರಿಗೇ ದೂರು ಕೊಡಬೇಕು. ಉಳಿದದ್ದಕ್ಕೆ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ಜಗಳದಲ್ಲಿ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಸಿಸಿಟಿವಿ ಓಡಿಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಅದೇ ವರ್ಷ ಜುಲೈ 14ರಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗಂಡಹೆಂಡತಿ ಒಬ್ಬರಿಗೊಬ್ಬರು ಗೊತ್ತಾಗದಂತೆ ಮಾಡಿಕೊಂಡ ಫೋನ್ ರೆಕಾರ್ಡಿಂಗನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಧಾರವಾಡದ ತೀರ್ಪಿನ ಪಕ್ಕದಲ್ಲಿಟ್ಟು ಇದನ್ನು ಓದಿದರೆ ತಲೆ ಕೆರೆದುಕೊಳ್ಳುವಂತಾಗುತ್ತದೆ. ಅಲ್ಲಿ ಮಾಹಿತಿ ಇದ್ದದ್ದು ಮೂರನೆಯವರ ಬಳಿ, ಇಲ್ಲಿ ಮಾತಾಡಿದ ಇಬ್ಬರಲ್ಲೇ ಒಬ್ಬರ ಬಳಿ. ಬಾಗಿಲು ಬೇರೆ, ಉತ್ತರವೂ ಬೇರೆ.

ಯಾವ ಬಾಗಿಲೇ ಇರಲಿ, ಹೋಗುವ ಮುಂಚೆ ಕೈಯಲ್ಲೇನಿದೆ ನೋಡಿಕೊಳ್ಳಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100. ಸ್ಕ್ರೀನ್‌ಶಾಟ್, ಆಡಿಯೊ ಇದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರದು. ಯಾವ ಫೋನು, ಯಾವ ಕಂಪನಿಯದು, ಐಎಂಇಐ ಸಂಖ್ಯೆ ಎಷ್ಟು ಎಂದೆಲ್ಲ ತುಂಬಬೇಕು.

ಮೊನ್ನೆ ಕಕ್ಷಿದಾರರೊಬ್ಬರು ಬಂದರು. ಬೆದರಿಕೆಯ ಸಂದೇಶಗಳನ್ನು ಕಲರ್ ಝೆರಾಕ್ಸ್ ಮಾಡಿಸಿ, ತಾರೀಖಿನ ಪ್ರಕಾರ ಜೋಡಿಸಿ, ಟ್ಯಾಗ್ ಹಾಕಿ ತಂದಿದ್ದರು. ಫೈಲು ನೋಡಿ ಖುಷಿಯಾಯಿತು.

“ಇವು ಬಂದ ಫೋನು ಎಲ್ಲಿ?” ಎಂದೆ.

“ಅದನ್ನ ದೀಪಾವಳಿ ಆಫರಲ್ಲಿ ಎಕ್ಸ್‌ಚೇಂಜ್‌ಗೆ ಹಾಕ್ಬಿಟ್ಟೆ ಸಾರ್,” ಅಂದರು.