ಕೋಳಿಗಳ ಅಂಟುರೋಗಗಳೂ ಹ್ಯಾಚರಿಯವರ ಹೊಣೆಯೂ

ಕೆಂಗೇರಿ, ತಾವರೆಕೆರೆ ಕಡೆಯ ಗ್ರಾಮಗಳಲ್ಲಿ ಕೋಳಿ ಸಾಕುವುದು ಹೊಸ ಕಸಬಲ್ಲ. ಪೂರ್ವದಲ್ಲಿ ಮನೆಯ ಹೇಂಟೆಯೇ ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ 21 ದಿನ ಕಾವು ಕೂತು ಮರಿ ಮಾಡುತ್ತಿತ್ತು. ಮರಿಯ ತಾಯಿ ಯಾವುದು, ಹುಂಜ ಯಾರ ಮನೆಯದು, ಹಿಂದಿನ ಬೇಸಗೆಯಲ್ಲಿ ಆ ಮನೆಯ ಕೋಳಿಗಳಿಗೆ ಬೇನೆ ಬಿದ್ದಿತ್ತೇ ಇಲ್ಲವೇ ಎಂಬುದೆಲ್ಲ ಮನೆಯ ಹೆಂಗಸರಿಗೆ ತಿಳಿದಿರುತ್ತಿತ್ತು. ಈಗ ರೈತನು ಕೊಳ್ಳುವ ಮರಿಯು ಬಹುಮಟ್ಟಿಗೆ ಹ್ಯಾಚರಿ ಎಂಬ ಮರಿಮಾಡುವ ಕಾರ್ಖಾನೆಯಿಂದ ಬರುತ್ತದೆ. ಅಲ್ಲಿ ಬೇರೆ ಬೇರೆ ಕೋಳಿಮನೆಗಳ ಮೊಟ್ಟೆಗಳು ಒಂದೇ ಕಾವುಯಂತ್ರದಲ್ಲಿ ಸಾವಿರಗಟ್ಟಲೆಯಾಗಿ ಸೇರಿ ಒಂದೇ ದಿನ ಒಡೆಯುತ್ತವೆ. ಬೇಕಾದಾಗ ಬೇಕಾದಷ್ಟು ಮರಿ ದೊರೆಯುವುದು ದೊಡ್ಡ ಅನುಕೂಲವೇ ಸರಿ. ಆದರೆ ಮರಿಯ ಹುಟ್ಟಿನ ವಿಷಯವಾಗಿ ಮನೆಯವರಿಗಿದ್ದ ತಿಳಿವಳಿಕೆಯು ಈಗ ಕೊಳ್ಳುವವನಲ್ಲಿಲ್ಲ, ಮಾರುವವನಲ್ಲಿದೆ. ಆದುದರಿಂದ ರೋಗದ ಹೊಣೆಯಲ್ಲಿ ಮೊದಲ ಪಾಲು ಮಾರುವವನಿಗೇ ಸೇರತಕ್ಕದ್ದು. ಕೊಳ್ಳುವವನೂ ಊರಿನ ಮುಖಂಡರೂ ಆ ಹೊಣೆಯನ್ನು ಕೇಳಿ ಪಡೆಯುವ ಬಗೆ ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ಮರಿಯೊಡನೆಯೇ ಬರುವ ರೋಗ

ಹ್ಯಾಚರಿಯ ಹೊಣೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವ ರೋಗವೆಂದರೆ ಮರಿಗಳ ಬಿಳಿ ಭೇದಿ. ವೈದ್ಯರು ಇದನ್ನು ಪುಲ್ಲೋರಮ್ ರೋಗವೆನ್ನುತ್ತಾರೆ. ಇದರ ರೋಗಾಣುವನ್ನು ಅಮೆರಿಕದ ಲಿಯೊ ರೆಟ್ಗರ್ ಎಂಬ ವಿದ್ವಾಂಸರು 1899ರಲ್ಲಿ ಕಂಡುಹಿಡಿದರು. ರೋಗ ತಗಲಿದ ಮರಿಗಳು ದೀಪದ ಕೆಳಗೆ ಒಂದರಮೇಲೊಂದು ಮುದುಡಿ, ರೆಕ್ಕೆ ಜೋತುಬಿಟ್ಟು ನಿಲ್ಲುತ್ತವೆ. ಹಿಂಭಾಗದ ತುಪ್ಪುಳಿಗೆ ಸುಣ್ಣದಂಥ ಬಿಳಿ ಹಿಕ್ಕೆ ಮೆತ್ತಿಕೊಳ್ಳುತ್ತದೆ. ಹಿಕ್ಕೆ ಹಾಕುವಾಗ ಕೆಲವು ನೋವಿನಿಂದ ಕೂಗುವುದುಂಟು. ಸಾವು ಮೊದಲನೆಯ ವಾರದಲ್ಲಿಯೇ ತೊಡಗಿ ಎರಡನೆಯ, ಮೂರನೆಯ ವಾರಗಳಲ್ಲಿ ಏರುತ್ತದೆ.

ಈ ರೋಗದ ಕೆಟ್ಟ ಗುಣವು ಸಾಯುವ ಮರಿಯಲ್ಲಿಲ್ಲ, ಉಳಿಯುವ ಮರಿಯಲ್ಲಿದೆ. ಬದುಕಿ ಉಳಿದ ಹೆಣ್ಣುಮರಿಯು ಬೆಳೆದು ನೋಡುವುದಕ್ಕೆ ಪುಷ್ಟವಾದ ಹೇಂಟೆಯಾಗುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ರೋಗಾಣುವು ಅದರ ಅಂಡಾಶಯದಲ್ಲಿ ಮನೆಮಾಡಿಕೊಂಡಿದ್ದು, ಕೆಲವು ಮೊಟ್ಟೆಗಳ ಒಳಗೆ ಸೇರಿಬಿಡುತ್ತದೆ. ಅಂಥ ಮೊಟ್ಟೆಯಿಂದ ಹೊರಬಿದ್ದ ಮರಿಯು ಹುಟ್ಟಿನಿಂದಲೇ ರೋಗಿ. ಕಾವುಯಂತ್ರದ ಕೊನೆಯ ಮೂರು ದಿನಗಳಲ್ಲಿ ಮರಿಗಳು ಚಿಪ್ಪೊಡೆದು ಒಣಗುವಾಗ ಹಾರುವ ತುಪ್ಪುಳಿನ ಧೂಳಿನಿಂದ ಅದು ಪಕ್ಕದ ಆರೋಗ್ಯವಂತ ಮರಿಗಳಿಗೂ ಹತ್ತುತ್ತದೆ. ಹೇಂಟೆಯು ಕಾವು ಕೂತಿದ್ದರೆ ಒಂದು ಮಂಕರಿಯ ಮರಿಗಳು ಕೆಡುತ್ತಿದ್ದವು. ಯಂತ್ರದಲ್ಲಿ ಒಂದು ತಾಲ್ಲೂಕಿಗೆ ಹೋಗತಕ್ಕ ಮರಿಗಳು ಕೆಡುತ್ತವೆ.

ಔಷಧದಿಂದ ಸಾವು ಕಡಮೆಯಾದೀತೇ ಹೊರತು, ಉಳಿದ ಕೋಳಿಯ ಒಳಗಿನ ರೋಗಾಣು ಪೂರ್ತಿ ಹೋಗುವುದೆಂಬ ಭರವಸೆಯಿಲ್ಲ. ನಿಜವಾದ ಉಪಾಯವು ತಾಯಿಕೋಳಿಯ ರಕ್ತಪರೀಕ್ಷೆ. ಬಿಳಿ ಬಿಲ್ಲೆಯ ಮೇಲೆ ಕೋಳಿಯ ರಕ್ತದ ಒಂದು ತೊಟ್ಟನ್ನೂ ಬಣ್ಣದ ಪರೀಕ್ಷಾದ್ರವದ ಒಂದು ತೊಟ್ಟನ್ನೂ ಸೇರಿಸಿ ಅಲುಗಿಸಿದರೆ, ರೋಗವಿದ್ದ ಪಕ್ಷದಲ್ಲಿ ಎರಡು ನಿಮಿಷಗಳೊಳಗೆ ಹರಳುಹರಳಾಗಿ ಕೂಡಿಕೊಳ್ಳುತ್ತದೆ. ಖರ್ಚು ಅಲ್ಪ, ಕೊಟ್ಟಿಗೆಯಲ್ಲಿಯೇ ಮಾಡಬಹುದು. ಹೀಗೆ ಸಿಕ್ಕಿಬಿದ್ದ ಹೇಂಟೆಗಳನ್ನು ತೆಗೆದುಹಾಕುತ್ತ ಬಂದರೆ ರೋಗದ ಬೇರೇ ಹೋಗುತ್ತದೆ. ಅಮೆರಿಕದಲ್ಲಿ 1935ರಲ್ಲಿ ಈ ಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡು ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆಯನ್ನು ಆರಂಭಿಸಿದರು. ಹ್ಯಾಚರಿಗಳು ತಾವಾಗಿ ಬಂದು ಸೇರಬಹುದಾದ ಯೋಜನೆ ಅದು. ಸೇರಿದವರ ಮರಿಗೆ ಪ್ರಮಾಣಪತ್ರ ದೊರೆಯುತ್ತಿತ್ತು. ಪ್ರಮಾಣಪತ್ರವಿಲ್ಲದ ಮರಿಯನ್ನು ಜನರು ಕೇಳದಂತಾದ ಮೇಲೆ, ಅಲ್ಲಿನ ದೊಡ್ಡ ಕೋಳಿಸಾಕಣೆಗಳಲ್ಲಿ ಈ ರೋಗವು ಕಾಣುವುದೇ ಅಪರೂಪವಾಯಿತು. ಕೊಳ್ಳುವವರು ಕೇಳಲು ಕಲಿತದ್ದು ಅಲ್ಲಿ ಕಾನೂನಿನಷ್ಟೇ ಕೆಲಸ ಮಾಡಿತು.

ಇಲ್ಲಿ ಒಂದು ನ್ಯಾಯವಾದ ಮಾತನ್ನೂ ಹೇಳಬೇಕು. ಹಿಕ್ಕೆ ಮೆತ್ತಿದ ಮರಿಯೆಲ್ಲ ಬಿಳಿ ಭೇದಿಯ ಮರಿಯಲ್ಲ. ಮೊದಲ ವಾರದಲ್ಲಿ ಮರಿಗಳ ಮನೆಯಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸಬೇಕು. ರಾತ್ರಿ ದೀಪ ಆರಿಹೋಗಿ ಮರಿಗಳಿಗೆ ಚಳಿ ಹೊಡೆದರೂ ಅವು ಹೀಗೆಯೇ ಮುದುಡಿ ಸಾಯುತ್ತವೆ. ಆಗ ಹ್ಯಾಚರಿಯವರನ್ನು ದೂರಿ ಪ್ರಯೋಜನವಿಲ್ಲ. ಮರಿ ತಂದ ದಿನದಿಂದ ಮೂರು ವಾರದವರೆಗೆ ಪ್ರತಿದಿನವೂ ಸತ್ತ ಮರಿಗಳ ಲೆಕ್ಕವನ್ನು ತಾರೀಖುಸಹಿತ ಒಂದು ಪುಸ್ತಕದಲ್ಲಿ ಬರೆದಿಡುವ ರೈತನಿಗೆ ತಪ್ಪು ಎಲ್ಲಿಯದೆಂಬುದು ಅರ್ಧ ಅಲ್ಲಿಯೇ ತಿಳಿಯುತ್ತದೆ. ಉಳಿದರ್ಧವನ್ನು ಪಶುವೈದ್ಯರು ಸತ್ತ ಮರಿಯನ್ನು ಕೊಯ್ದು ನೋಡಿ ಹೇಳುತ್ತಾರೆ.

ಕೊಕ್ಕರೆ ರೋಗ

ಹಳ್ಳಿಯವರು ಕೊಕ್ಕರೆ ರೋಗವೆನ್ನುವ ರಾಣಿಖೇತ ರೋಗದ ಪರಿಚಯ ಯಾರಿಗೂ ಬೇಕಿಲ್ಲ. ಕುಮಾಯೂನ್ ಬೆಟ್ಟಗಳ ರಾಣಿಖೇತದಲ್ಲಿ 1927ರಲ್ಲಿ ಕಾಣಿಸಿಕೊಂಡದ್ದರಿಂದ ಹಿಂದೂದೇಶದಲ್ಲಿ ಇದಕ್ಕೆ ಆ ಊರಿನ ಹೆಸರು ಬಂದಿತು. ಬಾಯ್ದೆರೆದು ಉಸಿರೆಳೆಯುವುದು, ಹಸಿರು ಭೇದಿ, ಕಾಲು ರೆಕ್ಕೆಗಳು ಬಿದ್ದುಹೋಗುವುದು, ಕತ್ತು ತಿರುಚುವುದು ಇದರ ಲಕ್ಷಣಗಳು. ಲಸಿಕೆಯಿಲ್ಲದ ಹಿಂಡಿನಲ್ಲಿ ಹೊಕ್ಕರೆ ಕೆಲವು ವೇಳೆ ಒಂದನ್ನೂ ಬಿಡುವುದಿಲ್ಲ.

ಈ ರೋಗವು ಮುಖ್ಯವಾಗಿ ಓಡಾಟದಿಂದ ಹರಡತಕ್ಕದ್ದು. ಹಿಂದೆ ಕೇತಮಾರನಹಳ್ಳಿ, ಹೊಸಹಳ್ಳಿ ಎಂಬ ಹಳ್ಳಿಗಳಿದ್ದ ಕಡೆ ಈಗ ರಾಜಾಜಿನಗರ, ವಿಜಯನಗರಗಳಾಗಿವೆ. ಬಸವೇಶ್ವರನಗರವೂ ಸೇರಿ ಆ ಬಡಾವಣೆಗಳ ಬೀದಿಬೀದಿಯಲ್ಲಿಯೂ ಕೋಳಿ ಅಂಗಡಿಗಳಿವೆ. ಮೈಸೂರು ರಸ್ತೆ, ಮಾಗಡಿ ರಸ್ತೆಗಳಲ್ಲಿ ಕೋಳಿ ತುಂಬಿ ಹೋದ ಗಾಡಿಯು ಅಂಗಡಿಗಳಿಗೆ ಇಳಿಸಿ, ಬರಿದಾದ ಪಂಜರಗಳೊಡನೆ ಮತ್ತೊಂದು ಕೋಳಿಮನೆಯ ಬಾಗಿಲಿಗೆ ಬರುತ್ತದೆ. ಪಂಜರದ ತಳದ ಹಿಕ್ಕೆ, ಮೊಟ್ಟೆ ಜೋಡಿಸುವ ಹಲಗೆ, ಮೇವಿನ ಚೀಲ, ಕೂಲಿಯವನ ಚಪ್ಪಲಿ, ಇವುಗಳೇ ರೋಗದ ವಾಹನಗಳು. ತೊಳೆಯದ ಪಂಜರವನ್ನು ಜಮೀನಿನೊಳಗೆ ಬಿಡುವವನು ಲಸಿಕೆಯ ದುಡ್ಡನ್ನು ಉಳಿಸಿಕೊಂಡರೂ ಒಂದೇ, ಖರ್ಚುಮಾಡಿದರೂ ಒಂದೇ ಎನ್ನುವಷ್ಟು ಇದು ಮುಖ್ಯ.

ಲಸಿಕೆಯ ಕ್ರಮವು ಹೀಗೆ: 5ರಿಂದ 7ನೆಯ ದಿನದೊಳಗೆ ಎಫ್ ಅಥವಾ ಲಸೋಟ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಹಾಕತಕ್ಕದ್ದು. ಹೆಚ್ಚು ದಿನ ಸಾಕುವ ಕೋಳಿಗಳಿಗೆ ಎಂಟನೆಯ ವಾರದಲ್ಲಿ ಆರ್2ಬಿ ಲಸಿಕೆಯನ್ನು ಚುಚ್ಚತಕ್ಕದ್ದು. ಆರ್2ಬಿಯನ್ನು ಎಳೆಯ ಮರಿಗಳಿಗೆ ಎಂದಿಗೂ ಹಾಕಕೂಡದು. ಅದರಿಂದಲೇ ಮರಿಗಳು ಸತ್ತಾವು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಅಂಗಿಯ ಜೇಬಿನಲ್ಲಿಟ್ಟು ಬಿಸಿಲಿನಲ್ಲಿ ತಂದ ಲಸಿಕೆಯು ನೀರಿಗೆ ಸಮಾನ. ನಾಟಿ ಕೋಳಿ ಗಟ್ಟಿ, ಅದಕ್ಕೇನೂ ಬೇಡವೆಂಬ ನಂಬಿಕೆಯೂ ತಪ್ಪು.

ಹೆಸರಘಟ್ಟದ ದೃಷ್ಟಾಂತ

ಬೆಂಗಳೂರಿನ ವಾಯವ್ಯದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ರೈತರಿಗೆ ಮರಿಗಳನ್ನೂ ತರಬೇತನ್ನೂ ಒದಗಿಸುವುದು ಅದರ ಕೆಲಸ. 2012ರ ಅಕ್ಟೋಬರಿನಲ್ಲಿ ಅಲ್ಲಿನ ಟರ್ಕಿ ಕೋಳಿಗಳು ಗುಂಪುಗುಂಪಾಗಿ ಸಾಯತೊಡಗಿದವು. ಭೋಪಾಲದ ಪ್ರಯೋಗಶಾಲೆಯು ಅದು ಎಚ್5ಎನ್1 ಹಕ್ಕಿಜ್ವರವೆಂದು ನಿಶ್ಚಯಿಸಿತು. ಕರ್ನಾಟಕದಲ್ಲಿ ಈ ರೋಗವು ಖಚಿತವಾದದ್ದು ಅದೇ ಮೊದಲು. ಸಂಸ್ಥೆಯಲ್ಲಿದ್ದ 30,000ಕ್ಕೆ ಮೀರಿದ ಹಕ್ಕಿಗಳನ್ನೆಲ್ಲ ಕೊಂದು, ಮೊಟ್ಟೆ ಮೇವುಗಳನ್ನೂ ನಾಶಪಡಿಸಬೇಕಾಯಿತು. ವಿದ್ಯಾವಂತರಾದ ಪಶುವೈದ್ಯರು ದಿನವೂ ನೋಡಿಕೊಳ್ಳುವ ಜಾಗದಲ್ಲಿಯೇ ಹೀಗಾದರೆ, ಯಾವ ಹ್ಯಾಚರಿಯೂ ತನ್ನಲ್ಲಿ ರೋಗ ಬರಲಾರದೆಂದು ಹೇಳಿಕೊಳ್ಳುವಂತಿಲ್ಲ. ಸಾವನ್ನು ಅಡಗಿಸದೆ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದು ಅಲ್ಲಿ ಗಮನಿಸತಕ್ಕ ವಿಷಯ. ಮರಿಗಳನ್ನು ಗಾಡಿಗೆ ತುಂಬಿ ಮಾರಿ ಕೈತೊಳೆದುಕೊಂಡಿದ್ದರೆ ನಷ್ಟವು ಎಷ್ಟು ಊರುಗಳಿಗೆ ಹಂಚಿಹೋಗುತ್ತಿತ್ತೆಂಬುದನ್ನು ಓದುವವರೇ ಊಹಿಸಬಹುದು.

2017ರ ಡಿಸೆಂಬರಿನಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ ಎಚ್5ಎನ್8 ಎಂಬ ಇನ್ನೊಂದು ಬಗೆಯ ಹಕ್ಕಿಜ್ವರ ಕಂಡಿತು. ಅಲ್ಲಿದ್ದ 951 ಕೋಳಿಗಳಲ್ಲಿ ಸತ್ತದ್ದು 9 ಮಾತ್ರ. ಒಂಬತ್ತು ಸತ್ತಾಗಲೇ ಸುದ್ದಿ ಮುಟ್ಟಿದ್ದರಿಂದ ಅದು ಅಲ್ಲಿಗೇ ನಿಂತಿತು.

ಹ್ಯಾಚರಿಯವರನ್ನು ಕೇಳತಕ್ಕದ್ದು

ಮರಿ ಕೊಳ್ಳುವಾಗ ಬೆಲೆಯನ್ನು ಮಾತ್ರ ಕೇಳಿ ಬರುವುದು ರೂಢಿಯಾಗಿದೆ. ಅದಕ್ಕೆ ಮುಂಚೆ ತಾಯಿಕೋಳಿಗಳಿಗೆ ಬಿಳಿ ಭೇದಿಯ ರಕ್ತಪರೀಕ್ಷೆ ಆಗಿದೆಯೇ, ಯಾವಾಗ ಆಯಿತು ಎಂದು ಕೇಳಬೇಕು. ಒಂದು ದಿನದ ಮರಿಗೆ ಕತ್ತಿನ ಚರ್ಮದಡಿ ಹಾಕುವ ಮಾರೆಕ್ಸ್ ಲಸಿಕೆಯು ಹ್ಯಾಚರಿಯಲ್ಲಿಯೇ ಆಗಬೇಕಾದದ್ದು. ಮನೆಗೆ ತಂದಮೇಲೆ ಹಾಕಿದರೆ ಕಾಲ ಮೀರಿರುತ್ತದೆ. ಅದನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಬೇಕು. ಕಾವಿಗಿಡುವ ಮೊಟ್ಟೆಗಳಿಗೆ ಹೊಗೆ ಕೊಡುತ್ತಾರೆಯೇ ಎಂಬುದನ್ನೂ ವಿಚಾರಿಸಬಹುದು. ನೂರು ಘನ ಅಡಿ ಜಾಗಕ್ಕೆ 40 ಮಿಲಿಲೀಟರ್ ಫಾರ್ಮಲಿನ್, 20 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಎಂಬುದು ಸಾಧಾರಣವಾದ ಅಳತೆ. ಇದು ಕಣ್ಣು, ಶ್ವಾಸಕೋಶಗಳಿಗೆ ವಿಷವಾದುದರಿಂದ ತಿಳಿಯದವರು ಮನೆಯಲ್ಲಿ ಪ್ರಯೋಗಿಸಕೂಡದು. ಸರಿಯಾದ ಹ್ಯಾಚರಿಯಲ್ಲಿ ಮೊಟ್ಟೆ ಬರುವ ಬಾಗಿಲೇ ಬೇರೆ, ಮರಿ ಹೋಗುವ ಬಾಗಿಲೇ ಬೇರೆ. ಕೊಳೆಮೊಟ್ಟೆ, ಚಿಪ್ಪುಗಳು ಹಿತ್ತಲಿನಲ್ಲಿ ರಾಶಿಬಿದ್ದಿರುವುದಿಲ್ಲ. ಒಳಗೆ ಯಾರನ್ನೂ ಬಿಡುವುದಿಲ್ಲವೆಂದು ತಡೆಯುವ ಹ್ಯಾಚರಿಯ ಮೇಲೆ ರೈತರು ಬೇಸರಪಡಬಾರದು. ಅವರು ಮಾಡುತ್ತಿರುವುದು ಸರಿ.

ರಸೀದಿಯ ಮಾತನ್ನು ಒತ್ತಿಹೇಳಬೇಕಾಗಿದೆ. ರಸೀದಿಯಲ್ಲಿ ಮರಿ ಒಡೆದ ತಾರೀಖು, ತಳಿ, ಸಂಖ್ಯೆ, ಹಾಕಿದ ಲಸಿಕೆ ಇಷ್ಟೂ ಇರಬೇಕು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮರಿ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನೆನಿಸಿಕೊಂಡು ದೂರು ಕೊಡಬಹುದು. ಆದರೆ ಕೈಯಲ್ಲಿ ರಸೀದಿಯೂ, ಸಾವಿನ ಲೆಕ್ಕದ ಪುಸ್ತಕವೂ, ವೈದ್ಯರ ವರದಿಯೂ ಇಲ್ಲದವನ ದೂರು ನಿಲ್ಲುವುದು ಕಷ್ಟ.

ಸಂತೆಯಲ್ಲಿಯೂ ಬೀದಿಯಲ್ಲಿಯೂ ಕೆಂಪು, ಹಸುರು, ಹಳದಿ ಬಣ್ಣ ಬಳಿದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತ ಬರುವುದುಂಟು. ಇವು ಸಾಮಾನ್ಯವಾಗಿ ಮೊಟ್ಟೆಕೋಳಿಯ ಹ್ಯಾಚರಿಗಳು ಬೇಡವೆಂದು ಆರಿಸಿ ತೆಗೆದ ಗಂಡುಮರಿಗಳು. ಲಸಿಕೆಯಿಲ್ಲ, ಶಾಖವಿಲ್ಲ, ಎಲ್ಲಿಯವೆಂಬ ಗುರುತಿಲ್ಲ. ಮಕ್ಕಳು ಅತ್ತರೆಂದು ಎರಡು ಮರಿ ಕೊಂಡು ಹಿತ್ತಲಿಗೆ ಬಿಡುವವನು ನೂರು ಕೋಳಿಗಳ ನೆರೆಯವನಿಗೆ ಏನು ತಂದಿಟ್ಟನೆಂದು ತಿಳಿಯದು. ಇಂಥ ಮಾರಾಟವನ್ನು ಊರಿನೊಳಗೆ ನಿಲ್ಲಿಸುವುದಕ್ಕೆ ಮುಖಂಡರ ಒಂದು ಮಾತು ಸಾಕಾಗುತ್ತದೆ.

ಊರಿನವರ ಕರ್ತವ್ಯ

ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ಬೇರೆಯಾಗಿ ಇಡತಕ್ಕದ್ದು. ಒಂದು ಮನೆಯಲ್ಲಿ ಒಂದೇ ವಯಸ್ಸಿನ ಮರಿಗಳನ್ನು ಬಿಟ್ಟು, ಅವು ಹೋದಮೇಲೆ ತೊಳೆದು ಸುಣ್ಣ ಬಳಿದು ಕೆಲವು ವಾರ ಬರಿದಾಗಿ ಬಿಡುವುದು ಉತ್ತಮ.

ಬೇನೆ ಬಿದ್ದಾಗ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿದೆ. ಒಂದೆರಡು ಸತ್ತ ರಾತ್ರಿಯೇ ಉಳಿದವನ್ನು ವ್ಯಾಪಾರಿಗೆ ಅರ್ಧಬೆಲೆಗೆ ಕೊಟ್ಟುಬಿಡುತ್ತಾರೆ. ಅರ್ಧಬೆಲೆ ಬಂತೆಂದು ಸಮಾಧಾನ. ಆ ಕೋಳಿಗಳು ಹೋದ ದಾರಿಯುದ್ದಕ್ಕೂ ಬೇನೆಯು ಇಳಿಯುತ್ತ ಹೋಗುತ್ತದೆ. ಮುಂದಿನ ಸಲ ಮತ್ತೊಬ್ಬನು ಹಾಗೆಯೇ ಮಾಡಿದಾಗ ಅದು ಇದೇ ಊರಿಗೆ ಹಿಂತಿರುಗುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯಿದೆಯು ಇಂಥ ರೋಗದ ಅನುಮಾನ ಬಂದೊಡನೆ ಗ್ರಾಮಾಧಿಕಾರಿಗೋ ಗ್ರಾಮ ಪಂಚಾಯಿತಿಗೋ ತಿಳಿಸುವುದನ್ನೂ, ರೋಗಿ ಪ್ರಾಣಿಗಳನ್ನು ಬೇರ್ಪಡಿಸುವುದನ್ನೂ ಸಾಕುವವನ ಕರ್ತವ್ಯವನ್ನಾಗಿ ಮಾಡಿದೆ. ರಾಣಿಖೇತ, ಬಿಳಿ ಭೇದಿ, ಹಕ್ಕಿಜ್ವರಗಳು ಅದರ ಪಟ್ಟಿಯಲ್ಲಿ ಸೇರಿವೆ. ಸುದ್ದಿಯನ್ನು ಪಶುವೈದ್ಯರಿಗೆ ಬರೆದು ಮುಟ್ಟಿಸುವ ಕೆಲಸವು ಪಂಚಾಯಿತಿಯವರ ಮೇಲಿದೆ.

ಹೇಳಿದರೆ ಇರುವುದನ್ನೆಲ್ಲ ಕೊಲ್ಲಿಸಿಬಿಡುತ್ತಾರೆಂಬ ಹೆದರಿಕೆಯಿಂದಲೇ ಬಹುಜನ ಮುಚ್ಚಿಡುತ್ತಾರೆ. ಬಿಳಿ ಭೇದಿ, ಕೊಕ್ಕರೆ ರೋಗಗಳಿಗೆ ಊರಿನ ಕೋಳಿಗಳನ್ನೆಲ್ಲ ಕೊಲ್ಲುವ ಕ್ರಮವಿಲ್ಲ. ಹಕ್ಕಿಜ್ವರವು ಖಚಿತವಾದಾಗ ಸುತ್ತ ಒಂದು ಕಿಲೋಮೀಟರಿನೊಳಗಿನವನ್ನು ಕೊಲ್ಲುತ್ತಾರೆ. ಹತ್ತು ಕಿಲೋಮೀಟರಿನವರೆಗೆ ನಿಗಾ ಇಡುತ್ತಾರೆ. ಹೀಗೆ ಸರ್ಕಾರದವರು ಕೊಂದ ಕೋಳಿಗೂ ನಾಶಪಡಿಸಿದ ಮೊಟ್ಟೆ ಮೇವುಗಳಿಗೂ ಪರಿಹಾರವುಂಟು. ತಾನಾಗಿ ಸತ್ತ ಕೋಳಿಗೆ ಪರಿಹಾರವಿಲ್ಲ. ಆದುದರಿಂದ ಒಂದು ದಿನ ತಡಮಾಡಿದಷ್ಟೂ ನಷ್ಟವು ಮುಚ್ಚಿಟ್ಟವನದೇ.

ಸತ್ತ ಕೋಳಿಗಳನ್ನು ವೃಷಭಾವತಿಗಾಗಲಿ ರಸ್ತೆಯ ಮೋರಿಗಾಗಲಿ ಎಸೆಯಕೂಡದು. ನಾಯಿ, ಕಾಗೆಗಳು ಎಳೆದಾಡಿ ರೋಗವನ್ನು ಹಂಚುತ್ತವೆ. ಬಾವಿಯಿಂದ ದೂರವಾಗಿ ಆಳುದ್ದದ ಗುಂಡಿ ತೆಗೆದು, ಸುಣ್ಣ ಹರಡಿ ಹೂಳತಕ್ಕದ್ದು. ಸಾಧಾರಣ ಬೇನೆಯಾದರೆ ಆಗತಾನೆ ಸತ್ತ ಒಂದೆರಡನ್ನು ದಪ್ಪ ಚೀಲದಲ್ಲಿ ಬಿಗಿದು, ಮಂಜುಗಡ್ಡೆಯ ನಡುವೆ ಇಟ್ಟು, ಪಶುವೈದ್ಯರ ಪತ್ರದೊಡನೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳುಹಿಸಬಹುದು. ಮೈಸೂರು ಸಂಸ್ಥಾನದ ಕಾಲದಲ್ಲಿ ದೊಡ್ಡರೋಗದ ಸೀರಂ ತಯಾರಿಸುವುದಕ್ಕೆ ಹುಟ್ಟಿದ ಸಂಸ್ಥೆಯೇ ಇದು. ಆದರೆ ಕೋಳಿಗಳು ಲಕ್ಷಣವೇ ತೋರದೆ ಒಮ್ಮೆಗೇ ಹತ್ತಾರು ಸತ್ತು, ಜುಟ್ಟು ಕಾಲುಗಳು ನೀಲಿಗಟ್ಟಿದ್ದರೆ ಹಕ್ಕಿಜ್ವರದ ಅನುಮಾನವುಂಟು. ಅದು ಮನುಷ್ಯರಿಗೂ ತಗಲಬಹುದಾದುದರಿಂದ ಆಗ ಯಾರೂ ಅವನ್ನು ಮುಟ್ಟುವುದು, ಕೊಯ್ಯುವುದು, ಸಾಗಿಸುವುದು ಮಾಡಕೂಡದು. ಮಕ್ಕಳನ್ನು ದೂರವಿರಿಸಿ, ಕೋಳಿಮನೆಯ ಬಾಗಿಲು ಹಾಕಿ, ಪಶುವೈದ್ಯರನ್ನೇ ಸ್ಥಳಕ್ಕೆ ಕರೆಯಿಸತಕ್ಕದ್ದು.