ಗಾಲ್ಫ್ ಹೊಡೆತ ತಪ್ಪಿದರೆ ಮೊಣಕೈಗೆ ಪೆಟ್ಟು

ಐವತ್ತೆಂಟು ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬಲ ಮೊಣಕೈಯ ಒಳಬದಿಯನ್ನು ಒತ್ತಿ ಹಿಡಿದುಕೊಂಡು ನನ್ನ ಬಳಿ ಬಂದರು. ಕಾಫಿ ಲೋಟ ಎತ್ತಿದರೂ ನೋವು, ಬಾಗಿಲ ಹಿಡಿ ತಿರುಗಿಸಿದರೂ ನೋವು. ಎರಡು ತಿಂಗಳಿಂದ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗುತ್ತಿದ್ದರು. ಏನಾದರೂ ಭಾರದ ಕೆಲಸ ಮಾಡುತ್ತೀರಾ ಎಂದು ಕೇಳಿದೆ. ‘ಕೆಲಸ ಏನೂ ಇಲ್ಲ ಡಾಕ್ಟ್ರೇ, ಗಾಲ್ಫ್ ಕಲಿಯುತ್ತಿದ್ದೇನೆ. ದಿನಕ್ಕೆ ನೂರು ಚೆಂಡು ಹೊಡೆಯುತ್ತೇನೆ’ ಎಂದರು. ನೋವಿನ ಮೂಲ ಅಲ್ಲೇ ಇತ್ತು.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಊರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗ ಈ ಆಟದ ಮಾತು ಅನೇಕ ಮನೆಗಳಿಗೆ ಬಂತು. ನಡಿಗೆಯೂ ಇರುವ ಒಳ್ಳೆಯ ಆಟ ಇದು. ಆದರೆ ಹೊಡೆಯುವ ಕ್ರಮ ತಪ್ಪಿದರೆ ಕೈ ಕೆಡುತ್ತದೆ.

ತಪ್ಪುವುದೆಲ್ಲಿ?

ಲೋಹದ ಓರೆ ಮುಖವುಳ್ಳ ಕ್ಲಬ್‌ಗೆ ಐರನ್ ಎಂದು ಹೆಸರು. ಹೊಸಬರು ಹೆಚ್ಚಾಗಿ ಹಿಡಿಯುವುದು ಏಳನೇ ನಂಬರಿನ ಐರನ್. ಅದರ ಮುಖ ಸುಮಾರು 30 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಚೆಂಡನ್ನು ಮೇಲಕ್ಕೆ ಕಳಿಸುವುದು ಈ ಓರೆಯ ಕೆಲಸ. ಹೊಸಬರು ಇದನ್ನು ನಂಬದೆ, ಸೌಟಿನಲ್ಲಿ ಸಾರು ಎತ್ತುವಂತೆ ಚೆಂಡನ್ನು ತಾವೇ ಎತ್ತಲು ಹೋಗುತ್ತಾರೆ. ಆಗ ಮೈಭಾರ ಬಲಗಾಲಲ್ಲೇ ಉಳಿದು, ಕ್ಲಬ್ ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯುತ್ತದೆ. ಇಲ್ಲವೇ ಮೇಲೇಳುತ್ತಾ ಚೆಂಡಿನ ನೆತ್ತಿಗೆ ತಗುಲಿ, ಚೆಂಡು ನೆಲದ ಮೇಲೆ ಉರುಳುತ್ತದೆ.

ಸರಿಯಾದ ಹೊಡೆತದಲ್ಲಿ ಕ್ಲಬ್ ಇಳಿಯುತ್ತಿರುವಾಗಲೇ ಚೆಂಡಿಗೆ ತಗುಲಬೇಕು. ನೆಲ ಕೆರೆಯುವುದು ಚೆಂಡಿನ ಮುಂದೆ. ಮೊದಲು ಚೆಂಡು, ಆಮೇಲೆ ನೆಲ.

ನೋವು ಏಕೆ?

ಮಣಿಕಟ್ಟನ್ನು ಬಗ್ಗಿಸುವ ಸ್ನಾಯುಗಳು ಮೊಣಕೈ ಒಳಬದಿಯ ಮೂಳೆಗೆ ಸ್ನಾಯುರಜ್ಜುಗಳ ಮೂಲಕ ಅಂಟಿಕೊಂಡಿವೆ. ವೇಗವಾಗಿ ಬಂದ ಕ್ಲಬ್ ನೆಲಕ್ಕೆ ಬಡಿದು ತಟ್ಟನೆ ತಡೆದಾಗ ಆ ಎಳೆತವೆಲ್ಲ ಈ ರಜ್ಜುಗಳ ಮೇಲೆ ಬೀಳುತ್ತದೆ. ದಿನವೂ ಹೀಗಾದರೆ ಅವುಗಳ ಎಳೆಗಳು ಹಾಳಾಗುತ್ತವೆ. ಇದನ್ನು ‘ಗಾಲ್ಫರ್ಸ್ ಎಲ್ಬೋ’ ಎನ್ನುತ್ತೇವೆ. ಸದಾ ಬಟ್ಟೆ ಹಿಂಡುವವರಿಗೆ, ಸುತ್ತಿಗೆ ಹಿಡಿಯುವವರಿಗೆ ಕೂಡ ಇದು ಬರಬಹುದು.

ಅಭ್ಯಾಸದ ಜಾಗದಲ್ಲಿ ಹಾಸಿರುವ ಕೃತಕ ಹುಲ್ಲಿನ ಚಾಪೆ ಈ ತಪ್ಪನ್ನು ಮುಚ್ಚಿಡುತ್ತದೆ. ಕ್ಲಬ್ ಹಿಂದೆ ಬಡಿದರೂ ಚಾಪೆಯ ಮೇಲೆ ಜಾರಿ ಚೆಂಡನ್ನು ಹಾರಿಸುತ್ತದೆ. ಕಣ್ಣಿಗೆ ಹೊಡೆತ ಸರಿಯಾಗಿಯೇ ಕಾಣುತ್ತದೆ. ಚಾಪೆಯಡಿಯ ಗಟ್ಟಿ ನೆಲದ ಪೆಟ್ಟು ಮಾತ್ರ ಕೈಗೇ ಬರುತ್ತದೆ. ನಮ್ಮ ಅಧಿಕಾರಿಗೆ ಆಗಿದ್ದೂ ಇದೇ.

ತಿದ್ದಿಕೊಳ್ಳುವ ಬಗೆ

ಈ ಆಟ ಕಲಿಯುವಾಗ ನಾನೂ ಇದೇ ತಪ್ಪು ಮಾಡಿದವನು. ಕೆಳಗಿನ ಸೂಚನೆಗಳು ಬಲಗೈ ಆಟಗಾರರಿಗೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಿ.

1. ಆಡುವ ಮೊದಲು ಹತ್ತು ನಿಮಿಷ ನಡೆದು, ಭುಜ, ಸೊಂಟ, ಮಣಿಕಟ್ಟುಗಳನ್ನು ಸಡಿಲಿಸಿ.

2. ಕ್ಲಬ್ಬನ್ನು ಜಾರದಷ್ಟು ಮಾತ್ರ ಹಿಡಿಯಿರಿ. ಬಿಗಿದಷ್ಟೂ ಪೆಟ್ಟು ಮೊಣಕೈಗೆ ಹೆಚ್ಚು.

3. ಚೆಂಡು ಎರಡೂ ಪಾದಗಳ ನಡುವೆ ಇರಲಿ. ಕೈಗಳು ಚೆಂಡಿಗಿಂತ ತುಸು ಮುಂದಿರಲಿ.

4. ಹುಲ್ಲಿನ ಮೇಲೆ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದು, ಚೆಂಡಿಲ್ಲದೆ ಬೀಸಿ. ಕ್ಲಬ್ ನೆಲ ಕೆರೆದದ್ದು ಗೆರೆಯ ಹಿಂದೆಯೋ ಮುಂದೆಯೋ ನೋಡಿ. ಸತತ ಹತ್ತು ಸಲ ಗೆರೆಯ ಮುಂದೆಯೇ ಕೆರೆದ ಮೇಲೆ ಚೆಂಡು ಇಡಿ.

5. ಹೊಡೆತ ಮುಗಿದಾಗ ಮೈಭಾರ ಎಡಗಾಲ ಮೇಲಿರಬೇಕು, ಬಲ ಹಿಮ್ಮಡಿ ಎದ್ದಿರಬೇಕು.

6. ಮೊದಮೊದಲು ಅರ್ಧ ಬೀಸು, ಮೂವತ್ತು ಚೆಂಡು ಸಾಕು. ನೋವು ಕಂಡರೆ ಅಂದಿಗೆ ನಿಲ್ಲಿಸಿ.

ನೋವು ಬಂದಿದ್ದರೆ

ಕೆಲವು ವಾರ ಹೊಡೆತ ನಿಲ್ಲಿಸಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ರಜ್ಜುಗಳಿಗೆ ಬಲ ಬರಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಿರಿ. ನೋವಿನ ಮಾತ್ರೆಗಳನ್ನು ನೀವಾಗಿ ನುಂಗಬೇಡಿ. ರಕ್ತದೊತ್ತಡ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಅವು ಅಪಾಯಕಾರಿ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸಬಹುದು. ಹೊಡೆತ ತಿದ್ದದಿದ್ದರೆ ನೋವು ಮತ್ತೆ ಬರುತ್ತದೆ.

ಎರಡು ಎಚ್ಚರಿಕೆಗಳು. ನೆಲಕ್ಕೆ ಜೋರಾಗಿ ಬಡಿದ ಮೇಲೆ ಎಡ ಅಂಗೈಯಲ್ಲಿ ಕಿರುಬೆರಳ ಬುಡದ ಕಡೆ ನೋವು ಉಳಿದರೆ ಅಲ್ಲಿನ ಹ್ಯಾಮೇಟ್ ಎಂಬ ಸಣ್ಣ ಮೂಳೆ ಮುರಿದಿರಬಹುದು. ಸಾಮಾನ್ಯ ಎಕ್ಸ್-ರೇಯಲ್ಲಿ ಇದು ಕಾಣದೆ ಹೋಗಬಹುದು, ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ಇನ್ನೊಂದು, ಎದೆಯ ಬಿಗಿತ, ಬೆವರು, ಉಸಿರುಗಟ್ಟುವಿಕೆಯ ಜೊತೆ ತೋಳು ನೋಯುತ್ತಿದ್ದರೆ ಅದನ್ನು ಆಟದ ನೋವೆಂದು ತಳ್ಳಿಹಾಕಬೇಡಿ. ಹೃದಯಾಘಾತವಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಅಧಿಕಾರಿ ಆರು ವಾರ ಕ್ಲಬ್ ಮುಟ್ಟಲಿಲ್ಲ. ಆಮೇಲೆ ಗೆರೆ ಎಳೆದುಕೊಂಡು ಮೊದಲಿನಿಂದ ಕಲಿತರು. ಈಗ ಅವರು ಹೊಡೆಯುವುದು ದಿನಕ್ಕೆ ಮೂವತ್ತೇ ಚೆಂಡು. ಕಾಫಿ ಲೋಟವನ್ನು ಬಲಗೈಯಲ್ಲೇ ಎತ್ತುತ್ತಿದ್ದಾರೆ.