ಉಕ್ತಲೇಖನದ ತಪ್ಪು ಮತ್ತು ತರಗತಿಯ ಗೋಡೆ

ಉಕ್ತಲೇಖನದ ಪುಸ್ತಕಗಳನ್ನು ತಿದ್ದುವ ಶಿಕ್ಷಕರಿಗೆ ಕೆಲವು ತಪ್ಪುಗಳು ಚಿರಪರಿಚಿತ. 'ಹಕ್ಕಿ' ಎಂದು ಹೇಳಿದರೆ 'ಅಕ್ಕಿ' ಎಂದೂ, 'ಬೆಳೆ' ಎಂದರೆ 'ಬೆಲೆ' ಎಂದೂ, 'ಧನ' ಎಂದರೆ 'ದನ' ಎಂದೂ ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಸಿಗುತ್ತಾರೆ. ಕುಂದುರ್ಪಿ, ಕಲ್ಯಾಣದುರ್ಗಗಳಿಂದ ಹಿಂದೂಪುರದವರೆಗಿನ ಗಡಿ ಪ್ರದೇಶದಲ್ಲಿ ಕನ್ನಡ ಕಲಿಸುವವರ ಬಳಿ ಇದಕ್ಕೆ ಸಿದ್ಧ ವಿವರಣೆಯೊಂದಿದೆ: ಸುತ್ತಲೂ ತೆಲುಗು, ಮನೆಯಲ್ಲಿ ಗ್ರಾಮ್ಯ, ಮಗುವಿನ ನಾಲಗೆ ಪಳಗಿಲ್ಲ.

ಈ ವಿವರಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಹಕಾರವನ್ನು ಬಿಡುವುದು ಅನೇಕ ಮನೆಗಳ ಆಡುಮಾತಿನ ಸಹಜ ಲಕ್ಷಣ. ಆದರೆ 'ಬೆಳೆ'ಯನ್ನು 'ಬೆಲೆ' ಎಂದು ಬರೆದದ್ದಕ್ಕೆ ತೆಲುಗನ್ನು ದೂರುವುದು ನ್ಯಾಯವಲ್ಲ. ತೆಲುಗಿನಲ್ಲಿಯೂ ಲಕಾರ-ಳಕಾರಗಳ ಭೇದವಿದೆ; ಅಲ್ಲಿ 'ಕಲ' ಎಂದರೆ ಕನಸು, 'ಕಳ' ಎಂದರೆ ಕಾಂತಿ. ತೆಲುಗು ಮನೆಮಾತಿನ ಮಗುವಿನ ಕಿವಿಗೆ ಈ ಭೇದ ಹೊಸದಲ್ಲ. ಹಾಗಾದರೆ ತಪ್ಪು ಎಲ್ಲಿಂದ ಬಂತು? ಶಿಕ್ಷಕರು ಹೇಳಿದ ಧ್ವನಿ ಕೊನೆಯ ಸಾಲಿಗೆ ತಲುಪಿಯೇ ಇರಲಿಲ್ಲವೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಪರೀಕ್ಷೆ ಸುಲಭ. ಸಮಾನ ಕಷ್ಟದ, ತಲಾ ಇಪ್ಪತ್ತು ಪದಗಳ ಎರಡು ಪಟ್ಟಿಗಳನ್ನು ಸಿದ್ಧಪಡಿಸಬೇಕು. ಎರಡರಲ್ಲಿಯೂ ಲ-ಳ, ನ-ಣ, ಅಲ್ಪಪ್ರಾಣ-ಮಹಾಪ್ರಾಣ, ಹಕಾರದ ಪದಗಳು ಸಮಸಂಖ್ಯೆಯಲ್ಲಿರಲಿ. ಒಂದು ಪಟ್ಟಿಯನ್ನು ಎಂದಿನಂತೆ ಕೊಠಡಿಯಲ್ಲಿ, ಕರಿಹಲಗೆಯ ಬಳಿ ನಿಂತು ಹೇಳುವುದು. ಮತ್ತೊಂದನ್ನು ನಿಶ್ಶಬ್ದವಾದ ಹೊತ್ತಿನಲ್ಲಿ ಮರದಡಿ, ಐದಾರು ಮಕ್ಕಳನ್ನು ಎರಡು ಮೀಟರಿನೊಳಗೆ ಕೂರಿಸಿಕೊಂಡು, ಅದೇ ದನಿಯಲ್ಲಿ ಹೇಳುವುದು. ಪದ ಹೇಳುವಾಗ ಬಾಯಿಯನ್ನು ಪುಸ್ತಕದಿಂದ ಮರೆಮಾಡಬೇಕು. ಇಲ್ಲವಾದರೆ ಹತ್ತಿರದ ಮಕ್ಕಳು ತುಟಿ ನೋಡಿ ಬರೆಯುತ್ತಾರೆ. ಮರುವಾರ ಪಟ್ಟಿಗಳನ್ನು ಅದಲುಬದಲು ಮಾಡಿ ಪುನರಾವರ್ತಿಸಬೇಕು. ಮರದಡಿಯಲ್ಲಿಯೂ ಉಳಿಯುವ ತಪ್ಪು ಉಚ್ಚಾರಣೆಯ ಅಥವಾ ಅಭ್ಯಾಸದ ತಪ್ಪು. ಅಲ್ಲಿ ಮಾಯವಾಗುವ ತಪ್ಪು ಕೊಠಡಿಯದು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ತಪ್ಪುವ, ಪದೇ ಪದೇ "ಏನು?" ಎನ್ನುವ, ಕಿವಿ ಸೋರುವ ಮಗುವಿದ್ದರೆ ಅದರ ಶ್ರವಣ ತಪಾಸಣೆಗೆ ತಡಮಾಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಶ್ರವಣದೋಷವೂ ಸೇರಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಪದಗಳನ್ನೇ ಬಳಸಿ ಕೇಳ್ಮೆಯನ್ನು ಪರೀಕ್ಷಿಸುವ ಪಟ್ಟಿಗಳು ರೂಪುಗೊಂಡಿವೆ.

ಕೊಠಡಿ ತಪ್ಪು ಮಾಡಿಸುವುದು ಹೇಗೆ? ಮಾತಿನಲ್ಲಿ ಸ್ವರಗಳು ಬಲಿಷ್ಠ, ವ್ಯಂಜನಗಳು ದುರ್ಬಲ. ಸಕಾರ, ಹಕಾರ, ಮಹಾಪ್ರಾಣದ ಉಸಿರು ಇವು ಪಕ್ಕದ ಸ್ವರಕ್ಕಿಂತ ಸಾಮಾನ್ಯವಾಗಿ 10ರಿಂದ 20 ಡೆಸಿಬೆಲ್ ಕೆಳಗಿರುತ್ತವೆ. ಪದದ ಅರ್ಥವನ್ನು ನಿರ್ಧರಿಸುವುದಾದರೋ ಹೆಚ್ಚಾಗಿ ಈ ದುರ್ಬಲ ಭಾಗವೇ. ಸಹಜ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಎರಡರಷ್ಟಾದಂತೆಲ್ಲ ಬಾಯಿಂದ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಮೀಟರ್ ಆಚೆಗೆ ಉಳಿಯುವುದು 48. ಪಕ್ಕದ ಕೊಠಡಿಯ ಪಾಠವೂ ರಸ್ತೆಯ ಟ್ರ್ಯಾಕ್ಟರೂ ಸೇರಿ ತರಗತಿಯಲ್ಲಿ 50 ಡೆಸಿಬೆಲ್ ಗದ್ದಲವಿದ್ದರೆ, ಮಾತು ಗದ್ದಲದ ಅಡಿಯಲ್ಲಿದೆ ಎಂದರ್ಥ. ಮಕ್ಕಳಿಗೆ ಮಾತು ಗದ್ದಲಕ್ಕಿಂತ 15 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು. ಕಲಿಕೆಯ ಭಾಷೆ ಮನೆಮಾತಲ್ಲದ ಮಗುವಿಗೆ ಈ ಅಂತರ ಇನ್ನೂ ಹೆಚ್ಚು ಬೇಕು. ಕೇಳದೆ ಹೋದ ಅಕ್ಷರವನ್ನು ಸಂದರ್ಭದಿಂದ ಊಹಿಸಿಕೊಳ್ಳುವಷ್ಟು ಪದಸಂಪತ್ತು ಅದರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಶಾಲೆಗೆ ಈ ವಿಷಯ ಹೆಚ್ಚು ಮುಖ್ಯವಾಗುವುದು ಇದೇ ಕಾರಣಕ್ಕೆ.

ಗದ್ದಲದ ಜೊತೆಗೆ ಅನುರಣನವೂ ಸೇರುತ್ತದೆ. ವಿಜ್ಞಾನದ ಪಾಠದಲ್ಲಿ ಪ್ರತಿಧ್ವನಿಗೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕು ಎಂದು ಓದಿದ ಮಕ್ಕಳು ಸಣ್ಣ ಕೊಠಡಿಯಲ್ಲಿ ತೊಂದರೆಯೇ ಇಲ್ಲವೆಂದು ಭಾವಿಸುತ್ತಾರೆ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ಬಿಡಿಬಿಡಿಯಾಗಿ ಮರಳಿ ಕೇಳುವುದು ಪ್ರತಿಧ್ವನಿ. ಸಣ್ಣ ಕೊಠಡಿಯಲ್ಲಿ ನೂರಾರು ಮರುಧ್ವನಿಗಳು ಒಂದರ ಮೇಲೊಂದು ಬಿದ್ದು ಮೂಲಧ್ವನಿಗೆ ಬಾಲದಂತೆ ಅಂಟಿಕೊಳ್ಳುತ್ತವೆ. ಅದು ಅನುರಣನ. ಧ್ವನಿ 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಅದು 1.3 ಸೆಕೆಂಡ್ ಇದ್ದರೆ, ಒಂದು ಅಕ್ಷರ ಉಚ್ಚರಿಸುವ 0.2 ಸೆಕೆಂಡಿನಲ್ಲಿ ಹಿಂದಿನ ಸ್ವರ ಇಳಿಯುವುದು ಸುಮಾರು 9 ಡೆಸಿಬೆಲ್ ಮಾತ್ರ. ಮುಂದಿನ ದುರ್ಬಲ ವ್ಯಂಜನವನ್ನು ಅದು ಮುಚ್ಚಿಬಿಡುತ್ತದೆ. ಅನುರಣನ ಕಾಲ 0.6 ಆದರೆ ಅಷ್ಟೇ ಹೊತ್ತಿನಲ್ಲಿ 20 ಡೆಸಿಬೆಲ್ ಇಳಿದು ವ್ಯಂಜನಕ್ಕೆ ದಾರಿ ಬಿಡುತ್ತದೆ. ಗಟ್ಟಿಯಾಗಿ ಕೂಗಿದರೆ ಬಾಲವೂ ಅಷ್ಟೇ ಗಟ್ಟಿಯಾಗುವುದರಿಂದ ಶಿಕ್ಷಕರ ಗಂಟಲು ಕೆಡುವುದೊಂದೇ ಲಾಭ. ನಿಧಾನವಾಗಿ, ಅಕ್ಷರಗಳ ನಡುವೆ ಬಿಡುವು ಕೊಟ್ಟು ಹೇಳುವುದೇ ಲೇಸು.

ಈ ಲೆಕ್ಕದ ಮೂಲ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿಯ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಹೊತ್ತ ವಾಲೇಸ್ ಸ್ಯಾಬೈನ್ ರಾತ್ರಿಯ ನೀರವದಲ್ಲಿ ಆರ್ಗನ್ ಕೊಳವೆ ಊದಿ, ಗಡಿಯಾರ ಹಿಡಿದು, ಮತ್ತೊಂದು ಸಭಾಂಗಣದ ಆಸನದಿಂಬುಗಳನ್ನು ತಂದು ಹರಡಿ ಅಳೆದರು. ಅವರ ಸೂತ್ರ ಹೀಗಿದೆ: ಘನಮೀಟರಿನಲ್ಲಿರುವ ಘನಗಾತ್ರವನ್ನು 0.161ರಿಂದ ಗುಣಿಸಿ, ಕೊಠಡಿಯ ಒಟ್ಟು ಹೀರಿಕೆಯಿಂದ ಭಾಗಿಸಬೇಕು. ತೆರೆದ ಕಿಟಕಿಯ ಒಂದು ಚದರ ಮೀಟರ್ ಒಂದು ಘಟಕ, ಏಕೆಂದರೆ ಅದರ ಮೂಲಕ ಹೋದ ಧ್ವನಿ ಮರಳುವುದಿಲ್ಲ.

ಪ್ರೌಢಶಾಲೆಯ ಗಣಿತಕ್ಕೂ ಇದು ಒಳ್ಳೆಯ ಲೆಕ್ಕ. 6 ಮೀಟರ್ ಉದ್ದ, 5 ಅಗಲ, 3 ಎತ್ತರದ ಕೊಠಡಿಯ ಘನಗಾತ್ರ 90, ಒಟ್ಟು ಮೇಲ್ಮೈ 126 ಚದರ ಮೀಟರ್. ಗಾರೆ ಬಳಿದ ಗೋಡೆ, ಸಿಮೆಂಟ್ ನೆಲ, ಕಾಂಕ್ರೀಟ್ ಚಾವಣಿಗೆ ಗುಣಾಂಕ 0.02 ಎಂದಿಟ್ಟುಕೊಂಡರೆ ಹೀರಿಕೆ ಸುಮಾರು 2.5, ಖಾಲಿ ಕೊಠಡಿಯ ಅನುರಣನ ಕಾಲ ಐದೂಮುಕ್ಕಾಲು ಸೆಕೆಂಡ್! ತಲಾ 0.3ರಂತೆ ಮೂವತ್ತು ಮಕ್ಕಳು ಕುಳಿತರೆ ಹೀರಿಕೆ 11.5ಕ್ಕೆ ಏರಿ ಕಾಲ 1.3ಕ್ಕೆ ಇಳಿಯುತ್ತದೆ. ಬಾಗಿಲು, ಎರಡು ಕಿಟಕಿಗಳನ್ನು ತೆರೆದರೆ 4.4 ಸೇರಿ ಸುಮಾರು 0.9. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ತರಗತಿಗೆ ಹೇಳುವ 0.6ಕ್ಕೆ ಬೇಕಾದ ಹೀರಿಕೆ 24. ಕೊರತೆ ಎಂಟು. ಗುಣಾಂಕ 0.5 ಇರುವ ಹೊದಿಕೆ 16 ಚದರ ಮೀಟರ್ ಬೇಕು, ಅಂದರೆ ಚಾವಣಿಯ ಅರ್ಧಕ್ಕಿಂತ ತುಸು ಹೆಚ್ಚು. ದಪ್ಪ ನಾರಿನ ಚಾಪೆ, ಹೊಲಿದ ಗೋಣಿ, ಹಳೆಯ ಕಂಬಳಿಗಳನ್ನು ಗೋಡೆಗೆ ಒತ್ತದಂತೆ ನಾಲ್ಕೈದು ಬೆರಳಿನಷ್ಟು ಸಂದು ಬಿಟ್ಟು, ಹಿಂಗೋಡೆಯ ಮೇಲ್ಭಾಗದಲ್ಲಿ ತೂಗುಹಾಕುವುದರಿಂದ ಆರಂಭಿಸಬಹುದು. ತೆಳುವಾದ ಚಾರ್ಟ್ ಕಾಗದದಿಂದಾಗಲಿ ಬಣ್ಣದಿಂದಾಗಲಿ ಪ್ರಯೋಜನವಿಲ್ಲ. ಹಳೆಯ ಹುಲ್ಲಿನ ಚಾವಣಿಗೆ ಈ ಗುಣ ತಾನಾಗಿಯೇ ಇತ್ತೆಂಬುದನ್ನು ಕಾಂಕ್ರೀಟ್ ಕಟ್ಟುವಾಗ ಯಾರೂ ನೆನೆಯಲಿಲ್ಲ.

ಹೊರಗಿನ ಗದ್ದಲ ಬೇರೆ ಪ್ರಶ್ನೆ. ಅದಕ್ಕೆ ಕಂಬಳಿ ಸಾಲದು, ದಾಖಲೆ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತ 100 ಮೀಟರ್‌ವರೆಗಿನ ಪ್ರದೇಶವನ್ನು ಮೌನವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಮಿತಿಯನ್ನು 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದಾಗ ಯಾರೇ ಆಗಲಿ ಅಧಿಕಾರಿಗಳಿಗೆ ದೂರು ಕೊಡಬಹುದು. ಕೊಠಡಿಯ ಒಳಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 35. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಬೆಳಗ್ಗೆ-ಮಧ್ಯಾಹ್ನಗಳನ್ನು ಹೋಲಿಸಲು ಸಾಕು. ವಿವಾದದಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅದರ ಮೈಕನ್ನು ಯಾರೂ ಪ್ರಮಾಣಕ್ಕೆ ಹೋಲಿಸಿ ನೋಡಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದ ಬೆಲೆ ಇರುವುದು ಇಲ್ಲಿಯೇ. ಐಎಸ್ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪ್ರಯೋಗಾಲಯಗಳ ಸಾಮರ್ಥ್ಯವನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಭಾರತದ ಸಂಸ್ಥೆ ಎನ್ಎಬಿಎಲ್. ಅಂಥ ಪ್ರಯೋಗಾಲಯದವರು ಅಳೆಯುವ ಮೊದಲೂ ನಂತರವೂ 1000 ಹರ್ಟ್ಸ್‌ನ, 94 ಡೆಸಿಬೆಲ್‌ನ ನಿಶ್ಚಿತ ಧ್ವನಿಯನ್ನು ಉಪಕರಣಕ್ಕೆ ಕೇಳಿಸಿ ಅದು ಸರಿ ಹೇಳುತ್ತದೆಯೇ ಎಂದು ನೋಡುತ್ತಾರೆ. ಫಲಿತಾಂಶದೊಡನೆ ಅನಿಶ್ಚಿತತೆಯ ಪ್ರಮಾಣವನ್ನೂ ತಿಳಿಸಬಲ್ಲರು.

ಮಾನ್ಯತೆ ಸಂಸ್ಥೆಯ ಹೆಸರಿಗೆ ಸಗಟಾಗಿ ದೊರೆಯುವುದಿಲ್ಲ, ಒಂದೊಂದು ಪರೀಕ್ಷೆಗೆ ಬೇರೆಬೇರೆಯಾಗಿ ದೊರೆಯುತ್ತದೆ ಎಂಬುದನ್ನು ಶಿಕ್ಷಕರು ಗಮನಿಸಬೇಕು. ನೀರಿನ ಪರೀಕ್ಷೆಗೆ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಶಬ್ದಮಾಪನದ ಮಾನ್ಯತೆ ಇರಬೇಕೆಂದಿಲ್ಲ. ಹೊರಾಂಗಣದ ಶಬ್ದ ಅಳೆಯುವವರಿಗೆ ಅನುರಣನ ಕಾಲದ, ಅಥವಾ ಕಲ್ಲುಗಣಿಯ ಸಿಡಿತದಿಂದಾಗುವ ನೆಲದ ಕಂಪನದ ಮಾನ್ಯತೆ ಇಲ್ಲದಿರಬಹುದು. ಮಾನ್ಯತೆಯ ವ್ಯಾಪ್ತಿಪತ್ರವನ್ನು ಮೊದಲೇ ಕೇಳಿ ಓದಬೇಕು. ಅಳತೆ ರಜಾದಿನದಲ್ಲಿ ನಡೆಯದೆ ಪಾಠದ ವೇಳೆಯಲ್ಲಿ, ಗದ್ದಲವಿರುವ ಹೊತ್ತಿನಲ್ಲಿಯೇ ನಡೆಯುವಂತೆ ನೋಡಿಕೊಳ್ಳಬೇಕು. ವರದಿಯನ್ನು ಶಿಕ್ಷಣಾಧಿಕಾರಿಗಳಿಗೆ ಕಳುಹಿಸುವಾಗ ಎರಡು ಉಕ್ತಲೇಖನಗಳ ಅಂಕಪಟ್ಟಿಯನ್ನೂ, ಯಾವ ಸಾಲಿನ ಮಕ್ಕಳು ಯಾವ ಅಕ್ಷರದಲ್ಲಿ ತಪ್ಪಿದರು ಎಂಬ ವಿವರದೊಡನೆ ಲಗತ್ತಿಸತಕ್ಕದ್ದು.